ಬೋಟು ಎಳೆಯುವ ಗಾಡಿ ಬೇಕಾಗಿದೆ

ಹೂಟಗಳ್ಳಿ
೪ ಫೆಬ್ರವರಿ ೨೦೨೪, ಭಾನುವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಬೇಕಾಗಿದ್ದು ಕಾರಣಾಂತರಗಳಿಂದ ಬಾರದೆ ಉಳಿದ ಗಣ್ಯರೇ, ಖಾಲಿ ಕುರ್ಚಿಗಳೇ, ಮತ್ತು ನನ್ನ ಅಂಗಳದಲ್ಲಿ ಟಾರ್ಪಾಲು ಹೊದ್ದು ಮಲಗಿರುವ ಏಕೈಕ ಬೋಟೇ,

ಇಂದಿನ ಚರ್ಚೆಯ ವಿಷಯ: ಕುಟುಂಬ ಸಮೇತ ಕೂರುವುದಕ್ಕೂ ಆಗಬೇಕು, ಬೋಟು ಎಳೆಯುವುದಕ್ಕೂ ಆಗಬೇಕು, ಅಂಥ ವಾಹನವನ್ನು ಆರಿಸುವುದು ಹೇಗೆ? ವಿಷಯದ ಪರವಾಗಿ ಬೀರೇಶ, ಬಿ.ಎ., ಕನ್ನಡ ಮಾಧ್ಯಮ, ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗ. ವಿರೋಧವಾಗಿ ಪ್ರೇಮ್‌ಕುಮಾರ್, ಅದೇ ಬಿ.ಎ., ಅದೇ ಬೆಂಚು, ಮಂಡಿ ಮೊಹಲ್ಲಾದಲ್ಲಿ ವೆಲ್ಡಿಂಗ್ ಶಾಪು. ಎರಡನೆಯವರು ಮೂರು ತಿಂಗಳಿಂದ ಫೋನ್ ಎತ್ತದ ಕಾರಣ ಸಭೆಯನ್ನು ಅಂಚೆ ಇಲಾಖೆಗೆ ಸ್ಥಳಾಂತರಿಸಲಾಗಿದೆ.

ಪ್ರೇಮ, ಹೂಟಗಳ್ಳಿಯಿಂದ ಅಶೋಕಪುರಂಗೆ ಬಸ್ಸಿನಲ್ಲಿ ಒಂದು ಗಂಟೆ, ಅಂಚೆಗೆ ನಾಲ್ಕು ದಿನ. ನಿನ್ನ ಎದುರು ಬಂದು ನಿಲ್ಲೋಕಿಂತ ಈ ನಾಲ್ಕು ದಿನದ ದಾರಿ ನನಗೆ ಹಗುರ ಅನ್ನಿಸ್ತು.

ನಿನ್ನೆಗೆ ನಿಮ್ಮ ಅಪ್ಪಾಜಿ ಹೋಗಿ ಮೂರು ತಿಂಗಳಾಯ್ತು. ಆಯುಧ ಪೂಜೆ ದಿನ ನಮ್ಮನೆ ಮುಂದಿನ ಇಳಿಜಾರಿನಲ್ಲಿ ಬೋಟು ಹೊತ್ತ ಟ್ರೇಲರು ಹಿಂದಕ್ಕೆ ಜಾರಿದ್ದು, ಅವರು ಅದಕ್ಕೂ ಕಾಂಪೌಂಡಿಗೂ ಮಧ್ಯೆ ಸಿಕ್ಕಿಕೊಂಡದ್ದು, ಆಮೇಲೆ ಹನ್ನೊಂದು ದಿನ ಆಸ್ಪತ್ರೆ. ಇದನ್ನೆಲ್ಲ ನಿನಗೆ ಹೇಳೋಕೆ ನಾನ್ಯಾರು. ಆದರೆ ಇದನ್ನ ಬರೆಯದೆ ಗಾಡಿ ವಿಚಾರಕ್ಕೆ ಹೋದರೆ ಹಿಂಬಾಗಿಲಿಂದ ಒಳಗೆ ಬಂದ ಹಾಗಾಗುತ್ತೆ.

ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ತಪ್ಪು ಟ್ರೇಲರು ಎಳೆದ ನನ್ನ ಆ ಹಳೇ ವ್ಯಾನಿನದು. ಸೊಪ್ಪು ಸಾಗಿಸೋ ಗಾಡಿಯಲ್ಲಿ ಹಡಗು ಎಳೆಸೋಕೆ ಹೋದೆವು. ಅದಕ್ಕೇ ಈ ಸಲ ಸರಿಯಾದ ಗಾಡಿ ತರಬೇಕು ಅಂತ ತೀರ್ಮಾನ ಮಾಡಿದ್ದೀನಿ. ಅಪ್ಪಾಜಿ ಮೂವತ್ತು ವರ್ಷ ವಾಲ್ವ್ ತಿರುಗಿಸಿ ಅರ್ಧ ಮೈಸೂರಿಗೆ ನೀರು ಬಿಟ್ಟೋರು. 'ನೀರನ್ನ ಪೈಪಿನಲ್ಲೇ ನೋಡಿದ್ದು ಕಣಪ್ಪ ಬೀರೇಶ, ಒಂದಪ ಅದರ ಮೇಲೆ ಕೂತ್ಕೊಬೇಕು' ಅಂದಿದ್ದರು. ಆ ಮಾತಿಗೇ ಅಲ್ಲವಾ ನಾನು ಹರಾಜಿನಲ್ಲಿ ಈ ಬೋಟು ಹಿಡಿದದ್ದು, ನೀನು ಎರಡು ತಿಂಗಳು ಕೂತು ಟ್ರೇಲರು ಕಟ್ಟಿದ್ದು. ಅವರಂತೂ ಕೂರಲಿಲ್ಲ. ವರ್ಷದ ದಿನಕ್ಕೆ ಚಲುವಮ್ಮ ಅವ್ವನನ್ನಾದರೂ ಕೆ.ಆರ್.ಎಸ್. ಹಿನ್ನೀರಿನಲ್ಲಿ ಕೂರಿಸೋಣ ಅಂತ ನನ್ನಾಸೆ.

ನಾವು ನಾಲ್ವರು: ನಾನು, ನಮ್ಮಮ್ಮ, ಸುಚಿತ್ರಾ, ಮಗಳು ಬಿಂದು. ನಿಮ್ಮ ಕಡೆ ನೀನು, ನಿನ್ನ ಹೆಂಡತಿ ಪ್ರೀತಿ, ಅವ್ವ. ಒಟ್ಟು ಏಳು ಸೀಟು. ಬೋಟು, ಟ್ರೇಲರು ಸೇರಿ ಮುನ್ನೂರು ಕೆ.ಜಿ. ಹಿನ್ನೀರಿನ ದಡ ಕೆಸರು, ಹಿಂದಿನ ಚಕ್ರ ಮಾತ್ರ ತಿರುಗಿದರೆ ಅಲ್ಲೇ ಹೂತು ಹೋಗುತ್ತೆ. ನಾಲ್ಕೂ ಚಕ್ರಕ್ಕೆ ಬಲ ಬರುವಂಥದ್ದು ಬೇಕು. ಸದ್ಯಕ್ಕೆ ಬೋಟಿಗಿಲ್ಲ ಓಟ, ನನಗಿಲ್ಲ ಊಟ. ನಿನ್ನ ಅಭಿಪ್ರಾಯ ತಿಳಿಸು.

ನಿನ್ನ
ಬೀರೇಶ


ಅಶೋಕಪುರಂ
೨೧ ಫೆಬ್ರವರಿ ೨೦೨೪

ಬೀರ,

ಪತ್ರ ಬಂತು. ಅವ್ವಂಗೆ ಓದಿ ಹೇಳಿದೆ. 'ಖಾಲಿ ಕುರ್ಚಿಗಳೇ' ಅಂದಾಗ ಸಣ್ಣಗೆ ನಕ್ಕಳು. ಮುಂದಕ್ಕೆ ಓದೋ ಹೊತ್ತಿಗೆ ಎದ್ದು ಒಳಗೆ ಹೋಗಿದ್ದಳು.

ನನಗೆ ನಿನ್ನ ಹಾಗೆ ಬರೆಯೋಕೆ ಬರಲ್ಲ. ಒಂದೇ ವಿಷಯ ಕೇಳ್ತೀನಿ, ಅದಕ್ಕೆ ಉತ್ತರ ಬರೆ ಸಾಕು.

ಅವತ್ತು ಸ್ಟೀರಿಂಗ್ ಹಿಡಿದು ಮುಂದೆ ಕೂತಿದ್ದವನು ನಾನು. ಹಿಂದೆ ಏನಾಯ್ತು ಅಂತ ನೋಡಿಲ್ಲ. ಕೂಗು ಕೇಳಿ ಇಳಿಯೋ ಹೊತ್ತಿಗೆ ಅಪ್ಪ ಗೋಡೆ ಹತ್ತಿರ ಬಿದ್ದಿದ್ದರು. ಎತ್ತಿ ಆಟೋಕ್ಕೆ ಹಾಕ್ಕೊಂಡು ಹೋದೆ. ಸಂಜೆ ಆಸ್ಪತ್ರೆಗೆ ಬಂದು ನೀನು ಹೇಳಿದ್ದು, ವ್ಯಾನು ಜಗ್ಗಿದ ರಭಸಕ್ಕೆ ಟ್ರೇಲರಿನ ಕೊಂಡಿ ಕಿತ್ತುಬಂತು ಅಂತ. ತಪ್ಪು ವ್ಯಾನಿನದು ಅಂತ ಆವತ್ತಿಂದ ಹೇಳ್ತಾನೇ ಇದ್ದೀಯ. ನನ್ನ ಮನಸ್ಸು ನೋಯಿಸಬಾರದು ಅಂತ ಹೇಳ್ತೀಯ ಅಂತ ಗೊತ್ತು. ಆದರೆ ಬೀರ, ವ್ಯಾನು ಮುಂದಕ್ಕೆ ಹೋಯ್ತು, ಟ್ರೇಲರು ಹಿಂದಕ್ಕೆ ಬಂತು. ಮಧ್ಯೆ ಇದ್ದದ್ದು ನಾನು ವೆಲ್ಡ್ ಮಾಡಿದ ಕೊಂಡಿ. ವ್ಯಾನಿಗೆ ಬಲ ಇಲ್ಲದಿದ್ದರೆ ವ್ಯಾನೂ ಜೊತೆಗೆ ಹಿಂದೆ ಬರಬೇಕಿತ್ತು.

ನೀನು ಪಕ್ಕದಲ್ಲೇ ನಿಂತಿದ್ದೆ. ನನ್ನ ವೆಲ್ಡಿಂಗ್ ಬಿಟ್ಟುಕೊಂಡಿದ್ದು ಎಲ್ಲಿ? ಕೊಂಡಿ ಕೂರಿಸಿದ ಕಬ್ಬಿಣದ ಪಟ್ಟಿಯ ಮೇಲಾ, ಕೆಳಗಾ? ನನಗೆ ಅದು ಗೊತ್ತಾಗಬೇಕು. ಬಂದು ನೋಡೋಣ ಅಂದರೆ ಅಪ್ಪನ ಮಣ್ಣು ಮುಗಿಯೋದರೊಳಗೆ ನೀನು ವ್ಯಾನನ್ನ ಮಾರಿಬಿಟ್ಟಿದ್ದೆ, ಟ್ರೇಲರನ್ನ ಗುಜರಿಗೆ ಹಾಕಿಬಿಟ್ಟಿದ್ದೆ. ಅಷ್ಟು ಅವಸರ ಯಾಕೆ ಮಾಡಿದೆಯೋ?

ನಿಮ್ಮಮ್ಮನವರಿಗೆ ಮಂಡಿನೋವು ಹೇಗಿದೆ?

ಪ್ರೇಮ್‌ಕುಮಾರ್


ಹೂಟಗಳ್ಳಿ
೧೦ ಮಾರ್ಚ್ ೨೦೨೪, ಭಾನುವಾರ

ಪ್ರಿಯ ಪ್ರೇಮ,

ಅಮ್ಮನ ಮಂಡಿ ಈಗ ಗಾಡಿ ಆರಿಸೋ ಸಮಿತಿಯ ಮುಖ್ಯ ಸದಸ್ಯ. ಅದು ಒಪ್ಪದ ಗಾಡಿ ಮನೆಗೆ ಬರೋ ಹಾಗಿಲ್ಲ.

ಕಳೆದ ಭಾನುವಾರ ನಾವು ನಾಲ್ವರೂ ಷೋರೂಮಿಗೆ ಹೋಗಿದ್ದೆವು. ಹೆಸರು ಬರೆಯಲ್ಲ, ಜಾಹೀರಾತು ಅಂದಾರು. ಟೈ ಕಟ್ಟಿದ ಯುವಕ ಬಂದು, ಸರ್ ಯಾವ ಉಪಯೋಗಕ್ಕೆ ಅಂದ. ಬೋಟು ಎಳೆಯೋಕೆ ಅಂದೆ. ಅವನು ಮ್ಯಾನೇಜರನ್ನ ಕರೆದ. ಮ್ಯಾನೇಜರು ಬಂದು, ಮಂಗಳೂರಿನವರಾ ಸರ್ ಅಂದರು. ಹೂಟಗಳ್ಳಿ ಅಂದೆ. ಇನ್ನಿಬ್ಬರು ಬಂದರು. ಕೊನೆಗೆ ಕಾಫಿ ಕೊಡೋ ಹೆಂಗಸೂ ಬಂದು ಬಾಗಿಲಲ್ಲಿ ನಿಂತಳು, ಬೋಟಿರೋ ಮನುಷ್ಯ ಹೇಗಿರ್ತಾನೆ ಅಂತ ನೋಡೋಕೆ.

ಮೊದಲನೇದು ಭಾರಿ ಎತ್ತರದ್ದು. ಎಂಜಿನ್ನು ಜೋರು, ಹತ್ತೋದೇ ಬೇಜಾರು. ಅಮ್ಮ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಇನ್ನೊಂದು ನೆಲದಲ್ಲೇ ಉಳಿದು, 'ಇದಕ್ಕೆ ಹತ್ತೋಕೆ ಏಣಿ ಕೊಡ್ತಾರೇನೋ ಕೇಳು, ಇಲ್ದಿದ್ರೆ ನನ್ನನ್ನ ಬೋಟಲ್ಲೇ ಕೂರಿಸಿ ಎಳ್ಕೊಂಡೋಗಿ' ಅಂದಳು. ಎರಡನೇದು ತಗ್ಗಾಗಿತ್ತು, ಒಳಗೆ ಅರಮನೆ. ನೋಡೋಕೆ ಗತ್ತು, ಎಳೆಯೋಕೆ ಸುಸ್ತು. ಬರೀ ಮುಂದಿನ ಚಕ್ರಕ್ಕೆ ಬಲ. ಬೋಟಿನ ಭಾರ ಹಿಂದೆ ಕೂತರೆ ಮುಂದಿನ ಚಕ್ರ ಹಗುರಾಗುತ್ತೆ, ಒದ್ದೆ ದಡದಲ್ಲಿ ಜಾರುತ್ತೆ. ಇದನ್ನ ನಾನು ಅವನಿಗೆ ಹೇಳಿಕೊಟ್ಟೆ, ಅವನು ಬರೆದುಕೊಂಡ. ಮೂರನೇದರಲ್ಲಿ ಬಿಂದು ಚಾವಣಿಯ ಕಿಂಡಿ ತೆಗೆದು ಅರ್ಧ ಆಚೆ ಬಂದು ಕೈಬೀಸಿದಳು. ಅಮ್ಮ ಅವಳಿಗೆ, 'ದಸರಾ ಮೆರವಣಿಗೆ ಇನ್ನೂ ದೂರ ಐತೆ, ಇಳಿಯೇ' ಅಂದಳು. ಆ ಗಾಡಿಗೆ ಕೊಂಡಿ ಹಾಕಿಸಿದರೆ ವಾರಂಟಿ ಹೋಗುತ್ತಂತೆ, ಆರ್.ಟಿ.ಓ.ದವರು ಬೇರೆ ತಕರಾರು ಮಾಡ್ತಾರಂತೆ.

ನೀನು ಕೇಳಿದ್ದಕ್ಕೆ. ನನಗೆ ಸರಿಯಾಗಿ ಕಾಣಲಿಲ್ಲ ಪ್ರೇಮ. ಬಿಸಿಲು ನೇರ ಕಣ್ಣಿಗೆ ಹೊಡೀತಿತ್ತು. ವ್ಯಾನು ತಿಣುಕಿತು, ಒಂದು ಸದ್ದಾಯ್ತು, ಅಷ್ಟೇ. ಟ್ರೇಲರನ್ನ ಗುಜರಿಗೆ ಹಾಕಿದ್ದು ಅಮ್ಮ ಅದನ್ನ ನೋಡಿ ನೋಡಿ ಅಳ್ತಾಳೆ ಅಂತ. ಆದದ್ದನ್ನ ಕೆದಕಿದರೆ ಏನು ಸಿಗುತ್ತೆ ಹೇಳು. ಮುಂದೆ ಯಾವ ಗಾಡಿ ಅನ್ನೋದನ್ನ ಯೋಚಿಸೋಣ. ಡೀಸೆಲ್ ಆದರೆ ಎಳೆತ ಹೆಚ್ಚು ಅಂತ ನನ್ನ ವಾದ. ನಿನ್ನದು?

ಅವ್ವಂಗೆ ನನ್ನ ನಮಸ್ಕಾರ ಹೇಳು. ಪ್ರೀತಿಯನ್ನ ಸುಚಿತ್ರಾ ಕೇಳಿದಳು ಅಂತ ಹೇಳು.

ಇಂತಿ
ಬೀರೇಶ


ಹೂಟಗಳ್ಳಿ
೧೯ ಮೇ ೨೦೨೪, ಭಾನುವಾರ

ಪ್ರಿಯ ಪ್ರೇಮ,

ಎರಡು ತಿಂಗಳಿಂದ ವಿರೋಧ ಪಕ್ಷ ಮೌನ. ಅದನ್ನೇ ಒಪ್ಪಿಗೆ ಅಂದುಕೊಂಡು ಒಂದು ಗಾಡಿ ಗೊತ್ತುಮಾಡಿದ್ದೀನಿ.

ಸೆಕೆಂಡ್ ಹ್ಯಾಂಡು. ಏಳು ಸೀಟು, ಡೀಸೆಲ್ಲು, ನಾಲ್ಕೂ ಚಕ್ರಕ್ಕೆ ಬಲ. ಮಾರೋರು ಮಹದೇವಪ್ರಸಾದ್ ಅಂತ, ಗಿಡಗಳ ನರ್ಸರಿ ಇಟ್ಟೋರು. ಗೊಬ್ಬರದ ಟ್ರೇಲರು ಎಳೆಸ್ತಿದ್ದರಂತೆ, ಕಾಗದಪತ್ರ ಎಲ್ಲಾ ಸರಿಯಾಗಿದೆ. ಒಳಗೆ ಸ್ವಲ್ಪ ಬೇವಿನ ಹಿಂಡಿ ವಾಸನೆ. ಸುಚಿತ್ರಾ ಮೂಗು ಮುಚ್ಚಿಕೊಂಡಳು, ಅಮ್ಮ ಮಾತ್ರ ಉಸಿರು ಎಳೆದು, ಒಳ್ಳೇ ಮನೆತನದ ಗಾಡಿ ಅಂದಳು. ಮೆಟ್ಟಿಲೂ ತಗ್ಗಿದೆ. ಮಂಡಿಯ ಒಪ್ಪಿಗೆ ಸಿಕ್ಕಿದೆ.

ಮಹದೇವಪ್ರಸಾದರನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹತ್ತಿಸಿ ನೋಡಿದೆ. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದೆ. ಒಂದು ಇಂಚೂ ಹಿಂದೆ ಬರಲಿಲ್ಲ. ನಾಲ್ಕು ಸಲ ಮಾಡಿದೆ. ಐದನೇ ಸಲಕ್ಕೆ ನಿಲ್ಲಿಸಿದಾಗ ಮಹದೇವಪ್ರಸಾದರು, ಇನ್ನೂ ಅನುಮಾನ ಇದ್ರೆ ಗಾಡಿ ಬುಟ್ಬುಡಿ ಸಾರ್, ಪರವಾಗಿಲ್ಲ ಅಂದರು. ನನ್ನ ಕೈ ಗೇರಿನ ಮೇಲೆ ಹಾಗೇ ಕೂತಿತ್ತು. ತೆಗೆಯೋಕಾಗಲಿಲ್ಲ.

ಬೆಟ್ಟದಿಂದ ಇಳಿಯುವಾಗ ಸುಚಿತ್ರಾ ಹಿಂದಿನ ಸೀಟಿನಿಂದ, ಪ್ರೇಮಣ್ಣ ಏನೋ ಕೇಳಿದ್ರಲ್ಲ, ಅದಕ್ಕೆ ಉತ್ತರ ಬರೆದ್ರಾ ಅಂದಳು. ಬರೆದೆ ಅಂದೆ. ಏನಂತ ಅಂದಳು. ರಸ್ತೆ ನೋಡಿಕೊಂಡು ಓಡಿಸೋಕೆ ಬಿಡು ಅಂದೆ. ಮನೆಗೆ ಬಂದ ಮೇಲೆ ಸೊಪ್ಪಿನ ಸಾರು ಬಡಿಸಿದಳು, ಉಪ್ಪು ಕೇಳಿದರೆ ಡಬ್ಬ ತಳ್ಳಿದಳು. ಮೂರು ದಿನದಿಂದ ಹೀಗೇ.

ಹೊಸ ಟ್ರೇಲರನ್ನ ನೀನೇ ಕಟ್ಟಿಕೊಡಬೇಕು. ಬೇರೆಯವರ ಕೈಗೆ ಕೊಡಲ್ಲ. ಯಾವಾಗ ಬರ್ತೀಯ ಹೇಳು.

ಇಂತಿ
ಬೀರೇಶ


ಅಶೋಕಪುರಂ
೭ ಜುಲೈ ೨೦೨೪

ಬೀರ,

ನಾನು ಟ್ರೇಲರು ಕಟ್ಟಲ್ಲ. ಶಾಪು ಯುಗಾದಿಗೇ ಮುಚ್ಚಿದೆ. ಮೆಷೀನು, ಸಿಲಿಂಡರು ಎಲ್ಲ ಪಕ್ಕದ ಶಾಪಿನ ಸಣ್ಣಮಾದಯ್ಯ ತಗೊಂಡ. ಈಗ ಅದೇ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿಯಲ್ಲಿ ಲೋಡು ಬರೆದುಕೊಳ್ತೀನಿ. ಕೆಲಸ ಸುಲಭ. ಬೆಲ್ಲ ಯಾರ ಮೇಲೂ ಬೀಳಲ್ಲ.

ಭಾನುವಾರ ಒಂದು ಕೆಲಸ ಇಟ್ಟುಕೊಂಡಿದ್ದೀನಿ. ಇಪ್ಪತ್ತೆರಡು ವರ್ಷದಲ್ಲಿ ಎಲ್ಲೆಲ್ಲಿ ವೆಲ್ಡ್ ಮಾಡಿದ್ದೀನೋ ಅಲ್ಲಿಗೆಲ್ಲ ಹೋಗಿ ನೋಡಿಕೊಂಡು ಬರೋದು. ಸಣ್ಣ ಸುತ್ತಿಗೆ ಜೇಬಲ್ಲಿರುತ್ತೆ, ತಟ್ಟಿ ಸದ್ದು ಕೇಳ್ತೀನಿ. ಲಷ್ಕರ್ ಮೊಹಲ್ಲಾದಲ್ಲಿ ಒಂದು ಬಾಲ್ಕನಿ ಇದೆ, ಅಲ್ಲಿ ಮುದುಕಿಯೊಬ್ಬರು ದಿನಾ ಗ್ರಿಲ್ಲಿಗೆ ಒರಗಿ ನಿಲ್ತಾರೆ. 'ಏನು ಪ್ರೇಮಣ್ಣ, ಏನಾದ್ರೂ ಬಿಟ್ಟುಕೊಂಡಿದ್ಯಾ' ಅಂದರು. ಇಲ್ಲಮ್ಮ, ಸುಮ್ಮನೆ ನೋಡಿದೆ, ಆದರೂ ಸ್ವಲ್ಪ ದಿನ ಒರಗಬೇಡಿ ಅಂದೆ. ಗೋದಾಮಿನ ಅಟ್ಟದ ಮೆಟ್ಟಿಲು ನೋಡಿದೆ. ಭಾಗ್ಯಮ್ಮ ಮೇಡಂ ಶಿಶುವಿಹಾರದಲ್ಲಿ ನಾನು ಹಾಕಿದ್ದ ಉಯ್ಯಾಲೆ ಇತ್ತಲ್ಲ, ಅದರಲ್ಲಿ ಏನೂ ಕಾಣಲಿಲ್ಲ. ಆದರೆ ಟ್ರೇಲರಿನಲ್ಲೂ ಏನೂ ಕಂಡಿರಲಿಲ್ಲ. ತೆಗೆಸಿಬಿಡಿ ಮೇಡಂ ಅಂದೆ. ಅವರು ಕಾರಣ ಕೇಳಲಿಲ್ಲ, ತೆಗೆಸಿದರು.

ನಿನಗೆ ಹೇಳಬಾರದು ಅಂತಿದ್ದೆ, ಹೇಳಿಬಿಡ್ತೀನಿ. ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಅಪ್ಪ ಮಾತಾಡಿದರು. ನನ್ನ ಕೈ ಹಿಡ್ಕೊಂಡು, 'ನಿನ್ನ ಕೆಲ್ಸದಲ್ಲಿ ಎಲ್ಲೋ ಒಂದು ತಪ್ಪಿರಬೇಕು ಮಗ. ಯಾರಿಗೂ ಆಗುತ್ತೆ. ಮನಸ್ಸಲ್ಲಿ ಇಟ್ಕೊಬೇಡ, ಬುಡು' ಅಂದರು. ಆಮೇಲೆ ಅವರು ಏನೂ ಮಾತಾಡಲಿಲ್ಲ. ಬೈದು ಹೋಗಿದ್ದರೆ ತಡೆದುಕೊಳ್ತಿದ್ದೆ.

ನಾನು ಇನ್ನು ಕೇಳಲ್ಲ. ನಿನಗೆ ಕಂಡಿಲ್ಲ ಅಂದರೆ ಕಂಡಿಲ್ಲ, ಮುಗೀತು. ನೀನು ನನ್ನನ್ನ ಉಳಿಸೋಕೆ ನೋಡಿದೆ, ಅದು ಗೊತ್ತಿದೆ ನನಗೆ. ಗಾಡಿ ತಗೊ. ಒಳ್ಳೇ ಗಾಡಿಯ ಹಾಗೆ ಕಾಣ್ತದೆ. ಟ್ರೇಲರನ್ನ ಬೇರೆ ಯಾರ ಹತ್ತಿರವಾದರೂ ಮಾಡಿಸು, ದೊಡ್ಡ ಕಂಪನಿಯದೇ ತರಿಸು. ಅವ್ವ ಬೋಟಿಗೆ ಬರಲ್ಲ ಅಂದಳು. ನೀರು ಕಂಡರೆ ಈಗ ಅವಳಿಗಾಗಲ್ಲ.

ಪ್ರೇಮ್‌ಕುಮಾರ್


ಹೂಟಗಳ್ಳಿ
೧೪ ಜುಲೈ ೨೦೨೪, ಭಾನುವಾರ

ಸನ್ಮಾನ್ಯ ಅಧ್ಯಕ್ಷರೇ, ಸಭಿಕರೇ,

ಗಾಡಿಗೆ ನಾಳೆ ಮಾತು ಕೊಡಬೇಕು. ಮಹದೇವಪ್ರಸಾದರು ಎರಡು ಸಲ ಫೋನ್ ಮಾಡಿದ್ದರು. ಟೈರು ಒಂದೆರಡು ಬದಲಾಯಿಸಬೇಕು, ಉಳಿದಂತೆ ಎಲ್ಲ ಗಟ್ಟಿ. ಎಳೆಯೋ ಗಾಡಿ ಆರಿಸುವಾಗ ನೋಡಬೇಕಾದ್ದು ಎಂಜಿನ್ನಿನ ಜೋರು ಒಂದೇ ಅಲ್ಲ, ಬ್ರೇಕು ಎಷ್ಟು ಹಿಡಿಯುತ್ತೆ, ಇಳಿಜಾರಿನಲ್ಲಿ ಎಷ್ಟು ಹೊತ್ತು

ನನಗೆ ಗಾಡಿ ಬೇಡ ಪ್ರೇಮ. ಯಾವ ಗಾಡಿಯೂ ಬೇಡ.

ನಿನ್ನ ಕೊಂಡಿ ಮುರೀಲಿಲ್ಲ. ವೆಲ್ಡಿಂಗ್ ಎಲ್ಲೂ ಬಿಟ್ಟುಕೊಳ್ಳಲಿಲ್ಲ. ಅವತ್ತು ಕೊಂಡಿಯಲ್ಲಿ ವ್ಯಾನನ್ನೂ ಟ್ರೇಲರನ್ನೂ ಸೇರಿಸಿ ಹಿಡಿಯೋ ಪಿನ್ನೇ ಇರಲಿಲ್ಲ.

ಬೆಳಿಗ್ಗೆ ನೀವು ಬರೋದಕ್ಕೆ ಮುಂಚೆ ನಾನು ಅದನ್ನ ಎಳೆದು ತೆಗೆದೆ. ಸ್ಪ್ಯಾನರು, ಜಾಕು, ಸುತ್ತಿಗೆ ಎಲ್ಲ ತೊಳೆದು ಜಗಲಿಯಲ್ಲಿ ಜೋಡಿಸ್ತಿದ್ದೆ. ಲೇತಿನಲ್ಲಿ ತಿರುಗಿಸಿ ನೀನು ಮಾಡಿದ ಪಿನ್ನು, ಬೆಳ್ಳಿ ಹಾಗೆ ಹೊಳೀತಿತ್ತು. ನೀವು ಬುದ್ಧನ ಕಡೆಯೋರು, ಆಯುಧ ಪೂಜೆ ಮಾಡಲ್ಲ. ನಿನ್ನ ಕೈಕೆಲಸವೂ ಒಂದು ನಮ್ಮ ಪೂಜೆಯಲ್ಲಿ ಇರಲಿ ಅಂತ ಆಸೆಯಾಯ್ತು. ತಟ್ಟೆ ಮಧ್ಯದಲ್ಲಿಟ್ಟು ಕುಂಕುಮ ಹಚ್ಚಿದೆ.

ಪೂಜೆಗಿಟ್ಟದ್ದನ್ನ ಮಾರನೇ ದಿನದವರೆಗೂ ಕದಲಿಸೋ ಹಾಗಿಲ್ಲ, ನಿನಗೂ ಗೊತ್ತು. ಸುಚಿತ್ರಾ ಹೇಳಿದಳು, ಅದೊಂದನ್ನ ವಾಪಸ್ ಹಾಕಿ, ಪೂಜೆ ಕೆಟ್ಟರೆ ಕೆಡಲಿ ಅಂತ. ಗಾಡಿ ಹೋಗೋದು ಹತ್ತಡಿ ತಾನೇ ಅಂದೆ. ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸೋದಕ್ಕೆ ಏನಾಗುತ್ತೆ ಅಂದೆ. ಪಿನ್ನಿನ ಜಾಗಕ್ಕೆ ಕಟ್ಟುಕಂಬಿ ನಾಲ್ಕು ಸುತ್ತು ಸುತ್ತಿದೆ. ಸೆಂಟ್ರಿಂಗಿನವರು ಸರಳು ಕಟ್ಟೋ ಆ ಸಣ್ಣ ಕಂಬಿ.

ನೀನು ವ್ಯಾನು ಹತ್ತೋದಕ್ಕೆ ಮುಂಚೆ ಹಿಂದೆ ಹೋಗಿ ಒಂದಪ ನೋಡಿ ಬರ್ತೀನಿ ಅಂದೆ. ಬೇಡ, ಹೊತ್ತು ಮೀರುತ್ತೆ, ನಾನು ನೋಡಿದ್ದೀನಿ ಅಂದವನು ನಾನು. ಚಕ್ರಕ್ಕೆ ಕೊಟ್ಟಿದ್ದ ಇಟ್ಟಿಗೆ ತೆಗೆದವನೂ ನಾನೇ. ಅಪ್ಪಾಜಿ ಪಕ್ಕದಲ್ಲಿ ನೆರಳಲ್ಲಿ ಕೂತಿದ್ದರು. ಬೋಟಿನ ಹಿಂದಿನ ತುದಿಗೆ ಹಾರ ನಿಮ್ಮ ಕೈಯಿಂದಲೇ ಬೀಳಬೇಕು ಅಂತ ಎಬ್ಬಿಸಿ ಅಲ್ಲಿ ನಿಲ್ಲಿಸಿದೆ. ಬಿಸಿಲು ನನ್ನ ಕಣ್ಣಿಗೆ ಹೊಡೀತಿರಲಿಲ್ಲ. ಕಂಬಿ ಬಿಚ್ಚಿಕೊಳ್ಳೋದನ್ನ ಒಂದೊಂದು ಸುತ್ತೂ ನೋಡಿದೆ.

ನಿಮ್ಮ ಆಟೋ ತಿರುವು ದಾಟೋದರೊಳಗೆ ಕಂಬಿ ನನ್ನ ಜೇಬಲ್ಲಿತ್ತು. ಪಿನ್ನನ್ನ ಕಾರ್ಖಾನೆಯ ಸ್ಟೋರಿನಲ್ಲಿ, ಯಾರೂ ಕೇಳದ ಹಳೇ ಸಾಮಾನಿನ ರ್‍ಯಾಕಿಗೆ ಇಟ್ಟೆ. ವ್ಯಾನು, ಟ್ರೇಲರು ಎರಡನ್ನೂ ಸಾಗಿಸಿದ್ದು ಅಮ್ಮನ ಕಣ್ಣೀರಿಗಲ್ಲ, ನಿನ್ನ ಕಣ್ಣಿಗೆ ಹೆದರಿ. ಅವತ್ತು ಸಂಜೆ ಆಸ್ಪತ್ರೆಗೆ ಹೇಳಿಬಿಡೋಣ ಅಂತಲೇ ಬಂದೆ. ನೀನು ನನ್ನನ್ನ ನೋಡಿದ ಕೂಡಲೇ, ನನ್ನ ವೆಲ್ಡಿಂಗ್ ಬಿಟ್ಟುಕೊಂಡ್ತಾ ಬೀರ ಅಂದೆ. ನಾನು ಹೂಂ ಅಂದೆ. ಮೊದಲು ಅಷ್ಟೇ ಅಂದದ್ದು, ವ್ಯಾನು ಜಗ್ಗಿದ ಕಥೆ ಆಮೇಲೆ ಸೇರಿಸಿದ್ದು. ಒಂಬತ್ತು ತಿಂಗಳು ಅದರಲ್ಲೇ ಬದುಕಿದೆ.

ಅವ್ವಂಗೂ ಪ್ರೀತಿಗೂ ಇದನ್ನ ಓದಿ ಹೇಳು. ನಿನ್ನ ಕೈಲಿ ಆಗದಿದ್ದರೆ ನಾನೇ ಬಂದು ಹೇಳ್ತೀನಿ, ಒಳಗೆ ಕರೀಬೇಡಿ, ಬಾಗಿಲಾಚೆ ನಿಂತು ಹೇಳ್ತೀನಿ. ಪೊಲೀಸಿನವರಿಗೆ ತೋರಿಸ್ತೀಯಾದರೆ ತೋರಿಸು, ಇದು ನನ್ನದೇ ಅಕ್ಷರ.

ಇದರ ಜೊತೆ ಪಿನ್ನು ಕಳಿಸ್ತಿದ್ದೀನಿ. ಒರೆಸಿಲ್ಲ, ಕುಂಕುಮ ಹಾಗೇ ಇದೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡು, ಒಂದು ಗೀರಿಲ್ಲ. ಅಪ್ಪಾಜಿ ನಿನ್ನ ಕೈ ಹಿಡಿದು ಕ್ಷಮಿಸಿದ್ದು ನನ್ನನ್ನ. ಅವರಿಗೆ ಅದು ಗೊತ್ತಾಗಲಿಲ್ಲ.

ಬೀರೇಶ